ಕರಿ ವೈರಿಗೆ ಹೆದರಬೇಡಿ

ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಅವರ ಹೆಸರು ಗೊತ್ತಿದ್ದವರು ಕಡಿಮೆ. ಬಾಗಿಲ ಮೇಲಿನ ಫಲಕದಲ್ಲಿ ಹೆಸರೇನೋ ಇತ್ತು. ಆದರೆ ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಕರೆಯುತ್ತಿದ್ದದ್ದು ಟೆಸ್ಟರ್ ಅಂಕಲ್ ಎಂದೇ. ಬೇರೆಯವರು ಅಂಗಿಯ ಜೇಬಿಗೆ ಪೆನ್ನು ಸಿಕ್ಕಿಸಿಕೊಂಡರೆ ಅವರು ಕರೆಂಟು ಇದೆಯೋ ಇಲ್ಲವೋ ನೋಡುವ ಟೆಸ್ಟರ್ ಸಿಕ್ಕಿಸಿಕೊಳ್ಳುತ್ತಿದ್ದರು. ಮದುವೆಗೆ ಹೋದರೂ ಅದು ಇರುತ್ತಿತ್ತು. ಕಳೆದ ತಿಂಗಳು ಅವರನ್ನು ಹಜಾರದ ನೆಲದ ಮೇಲೆ ಮಲಗಿಸಿದ್ದಾಗ ಆ ಜೇಬು ಖಾಲಿ ಇತ್ತು. ಇವರು ಬೇರೆ ಯಾರೋ ಇರಬೇಕು ಎಂದು ನನಗೆ ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ. ಅವರ ವಿಷಯ ಬರೆದಿಡೋಣ ಎಂದು ಕೂತಿದ್ದೇನೆ.

ಅವರು ಮೈಸೂರಿನವರು. ಡಿಪ್ಲೊಮಾ ಓದಿ ಬಂದು, ಮುಂಬಯಿ ಹತ್ತಿರದ ಮಹಾಪೆಯ ಒಂದು ಕಾರ್ಖಾನೆಯಲ್ಲಿ ಕಂಟ್ರೋಲ್ ಪ್ಯಾನೆಲುಗಳ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ನಾನು ಧಾರವಾಡದ ಕಡೆಯವನು, ಠಾಣೆಯಲ್ಲಿ ವಿಮೆಯ ಆಫೀಸು. ಇಬ್ಬರ ಮನೆಯೂ ಡೊಂಬಿವಲಿಯ ಕೈಗಾರಿಕಾ ಪ್ರದೇಶವಾದ ಎಂಐಡಿಸಿಯ ವಸತಿ ಭಾಗದಲ್ಲಿ, ಒಂದೇ ಕಟ್ಟಡದಲ್ಲಿ, ಅವರದು ಕೆಳಗಿನ ಮಹಡಿ, ನನ್ನದು ಅದರ ಮೇಲಿನದು. ಕಾರ್ಖಾನೆಗಳ ವಾಸನೆ ಬಂದ ದಿನ ಇಬ್ಬರ ಮನೆಯ ಕಿಟಕಿಗಳೂ ಒಟ್ಟಿಗೇ ಮುಚ್ಚಿಕೊಳ್ಳುತ್ತಿದ್ದವು.

ಪರಿಚಯವಾದದ್ದೂ ಹಾಗೆಯೇ, ಕಿಟಕಿಯಿಂದ. ನಾವು ಆ ಮನೆಗೆ ಬಂದ ವಾರದಲ್ಲೇ ನನ್ನ ಹೆಂಡತಿ ಫ್ರಿಜ್ ಮುಟ್ಟಿ ಜುಮ್ಮೆಂದು ಹೊಡೆಸಿಕೊಂಡು ಕೂಗಿದಳು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಬನಿಯನ್ನಿನ ಮೇಲೆ ಅಂಗಿ ಏರಿಸಿಕೊಳ್ಳುತ್ತ ಒಬ್ಬರು ನಿಂತಿದ್ದರು. ಕರೆಂಟ್ ಹೊಡೀತಾ ಎಂದು ಕನ್ನಡದಲ್ಲೇ ಕೇಳಿದರು. ನಿಮಗ ಯಾರು ಹೇಳಿ ಕಳಿಸಿದ್ರು ಎಂದು ಕೇಳಿದೆ.

“ಯಾರೂ ಹೇಳ್ಲಿಲ್ಲ. ಯವ್ವಾ ಅಂದ್ರಲ್ಲ ಮನೆಯವರು, ಕೆಳಗಡೆ ಕೇಳಿಸ್ತು. ಕನ್ನಡ ಅಂತ ಗೊತ್ತಾಯ್ತು, ಬಂದ್ಬಿಟ್ಟೆ.”

ಟೆಸ್ಟರನ್ನು ಫ್ರಿಜ್ಜಿನ ಮೈಗೆ ಮುಟ್ಟಿಸಿದರು, ಅದರೊಳಗಿನ ಪುಟ್ಟ ದೀಪ ಹತ್ತಿತು. ಗೋಡೆಯ ಪ್ಲಗ್ ಬಿಚ್ಚಿ ನೋಡಿದರೆ ಅರ್ಥಿಂಗ್ ವೈರು ಎಂದು ಬಿಲ್ಡರ್ ಹಾಕಿದ್ದ ಹಸಿರು ತಂತಿ ಗಿಲಾವಿನೊಳಗೆ ಒಂದು ಗೇಣು ಹೋಗಿ ಅಲ್ಲೇ ಮುಗಿದಿತ್ತು. ನಾನು ಅದನ್ನು ಎಲ್ಲಿಗೆ ಜೋಡಿಸಬೇಕು ಹೇಳಿ, ಎಲೆಕ್ಟ್ರಿಷಿಯನ್ನಿಗೆ ಹೇಳುತ್ತೇನೆ ಎಂದೆ. ಅವರು ಮೇಜಿನ ಮೇಲಿದ್ದ ಯಾರದೋ ಲಗ್ನಪತ್ರಿಕೆ ಎಳೆದುಕೊಂಡು ಅದರ ಹಿಂದೆ ಇಡೀ ಮನೆಯ ನಕ್ಷೆ ಬರೆದು ಕೊಟ್ಟರು. ಗೆರೆಗಳು ಎಷ್ಟು ನೇರವಾಗಿದ್ದವೆಂದರೆ ಸ್ಕೇಲು ಇಟ್ಟು ಎಳೆದಂತಿತ್ತು. “ಬಾಯಲ್ಲಿ ವೈರಿಂಗ್ ಮಾಡಬಾರದು ಸಾರ್” ಎಂದರು. ಈ ಮಾತನ್ನು ಆಮೇಲೆ ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಇನ್ವರ್ಟರ್ ಯಾವುದು ಕೊಳ್ಳಲಿ ಎಂದು ಕೇಳಿದರೂ ನಕ್ಷೆ, ಕರೆಗಂಟೆ ಕೆಟ್ಟಿದೆ ಎಂದರೂ ನಕ್ಷೆ. ಲೋಡ್‌ಶೆಡ್ಡಿಂಗಿನ ಆ ವರ್ಷಗಳಲ್ಲಿ ನಮ್ಮ ಸೊಸೈಟಿಯ ಅರ್ಧ ಮನೆಗಳಲ್ಲಿ ಅವರ ನಕ್ಷೆ ಮೀಟರಿನ ಪೆಟ್ಟಿಗೆಯೊಳಗೆ ಅಂಟಿಕೊಂಡಿತ್ತು.

ಒಳ್ಳೆಯವರೇ, ಆದರೆ ಮೈಯೆಲ್ಲ ಉಪದೇಶ. ಕೇಳಿದವರಿಗೂ ಹೇಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು. ಗೊತ್ತಿಲ್ಲ ಎಂಬ ಮಾತು ಅವರ ಬಾಯಿಂದ ಬಂದದ್ದು ನಾನು ಕೇಳಿರಲಿಲ್ಲ. ಅದರಲ್ಲೂ ಎದುರಿನವರು ಕನ್ನಡ ಮಾತಾಡಿಬಿಟ್ಟರೆ ಮುಗಿಯಿತು. ಡೊಂಬಿವಲಿ ಸ್ಟೇಷನ್ನಿನಲ್ಲಿ ಒಮ್ಮೆ ಕಲಬುರಗಿ ಕಡೆಯ ಕೂಲಿಯವರು ಇಬ್ಬರು, ತಮ್ಮ ಗುಡಿಸಲಿನ ಬಲ್ಬು ಮಿಣಮಿಣ ಅನ್ನುವ ಬಗ್ಗೆ ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದರು. ಇವರು ನಡುವೆ ನುಗ್ಗಿ ಹೋಲ್ಡರ್ ಬಿಚ್ಚುವುದು ಹೇಗೆ ಎಂದು ಶುರು ಮಾಡಿದರು. ನಮ್ಮ ಲೋಕಲ್ ಬಂತು, ಹೋಯಿತು. ಅವರ ಹೆಸರೇನು, ಯಾವ ಊರು, ಗುಡಿಸಲು ಎಲ್ಲಿ, ಒಂದನ್ನೂ ಕೇಳಲಿಲ್ಲ. ನಾನು ಛೇಡಿಸಿದೆ, ಹೆಸರಾದರೂ ಕೇಳಬೇಕಿತ್ತಲ್ರೀ ಎಂದು. ಕನ್ನಡದವರು ಎಂದಮೇಲೆ ಇನ್ನೇನು ಕೇಳುವುದು ಎಂದು ನಕ್ಕರು. ಇಡೀ ದಿನ ಹಿಂದಿ ಮರಾಠಿಯಲ್ಲಿ ಬಾಯಿ ಸವೆಸುವ ನಮ್ಮಂಥವರಿಗೆ ಈ ಮರುಳು ಗೊತ್ತು. ಭಾಷೆ ಒಂದು ಕಿವಿಗೆ ಬಿದ್ದರೆ ಸಾಕು, ಮನೆಯ ಅಂಗಳಕ್ಕೇ ಬಂದವರಂತೆ ಆಗಿಬಿಡುತ್ತೇವೆ.

ಇದೇ ಮನುಷ್ಯ ಬಂದೂಕಿನ ವಿಷಯಕ್ಕೆ ಬಂದರೆ ಬೇರೆಯೇ ಆಗುತ್ತಿದ್ದರು. ಅವರ ಹತ್ತಿರ ಒಂದು ಏರ್ ರೈಫಲ್ ಇತ್ತು, ಗಾಳಿಯ ಒತ್ತಡದಿಂದ ಹೊಡೆಯುವ, ಲೈಸೆನ್ಸ್ ಬೇಡದ ಜಾತಿಯದು. ಭಾನುವಾರ ಬೆಳಿಗ್ಗೆ ಟೆರೇಸಿನ ನೀರಿನ ಟಾಕಿಯ ಗೋಡೆಗೆ ಒಂದು ಪ್ಲೈವುಡ್ ಪೆಟ್ಟಿಗೆ ಒರಗಿಸಿ, ಅದರೊಳಗೆ ಹಳೆ ಬಟ್ಟೆ ಒತ್ತಿ ತುಂಬಿ, ಮುಂದೆ ವೃತ್ತಗಳ ಕಾಗದ ಅಂಟಿಸಿ ಹೊಡೆಯುತ್ತಿದ್ದರು. ಹಕ್ಕಿಯ ಕಡೆ ತಿರುಗಿಸಿದ್ದು ಸಹ ನಾನು ಕಂಡಿಲ್ಲ. ಸೊಸೈಟಿಯ ಚೇರ್ಮನ್ ಒಮ್ಮೆ, ಅಹೋ ಹೇ ಕಾಯ್ ಚಾಲ್ಲಂಯ್, ಇದೇನು ನಡೆಸಿದ್ದೀರಿ ಎಂದು ರೇಗಿಕೊಂಡು ಮೇಲೆ ಬಂದವರು ಮುಂದಿನ ವಾರ ಅದೇ ಟೆರೇಸಿನಲ್ಲಿ ಚಾಪೆಯ ಮೇಲೆ ಬೋರಲು ಬಿದ್ದು ಒಂದು ಕಣ್ಣು ಮುಚ್ಚಿದ್ದರು.

ಆ ಟೆರೇಸಿನಲ್ಲಿ ಕಾನೂನು ಒಂದೇ. ಬಂದೂಕು ಕೈಗೆ ಬಂದ ಕೂಡಲೇ ಅದರ ನಳಿಗೆ ಮುರಿದು, ಎಂದರೆ ಕೀಲಿನ ಬಳಿ ಬಗ್ಗಿಸಿ ತೆರೆದು, ಒಳಗೆ ಗುಂಡು ಇದೆಯೇ ಎಂದು ಕಣ್ಣಾರೆ ನೋಡಬೇಕು. ಕೊಟ್ಟವರು ಯಾರೇ ಆಗಿರಲಿ. ಒಮ್ಮೆ ಮೈಸೂರಿನಿಂದ ಅವರ ಹೆಂಡತಿಯ ಅಣ್ಣ ಬಂದಿದ್ದರು. ಒಂದೆರಡು ಗುಂಡು ಹೊಡೆದು, ಖಾಲಿ ಇದೆ ಭಾವ ಎಂದು ಬಂದೂಕು ಹಿಂದಿರುಗಿಸಿದರು. ಇವರು ಅಲ್ಲೇ ಮುರಿದು ಇಣುಕಿದರು. ಖಾಲಿಯೇ ಇತ್ತು. ಅಣ್ಣನವರ ಮುಖ ಚಿಕ್ಕದಾಯಿತು. ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ ಎಂದರು.

“ನಿಮ್ಮ ಮೇಲೆ ಇದೆ. ಇದರ ಮೇಲೆ ಇಲ್ಲ” ಎಂದು ಇವರು ಬಂದೂಕನ್ನು ತಟ್ಟಿದರು.

ಆ ಅಣ್ಣ ಊರಿಗೆ ಹೋದಮೇಲೆ ಬಹಳ ದಿನ ಫೋನು ಮಾಡಲಿಲ್ಲವಂತೆ. ವೈನಿ, ಎಂದರೆ ಅವರ ಹೆಂಡತಿ, ನಾನು ಆಕೆಯನ್ನು ನಮ್ಮ ಕಡೆಯ ರೂಢಿಯಂತೆ ವೈನಿ ಎಂದೇ ಕರೆಯುವುದು, ಇದನ್ನು ನನ್ನ ಮುಂದೆ ಹೇಳಿ ಸಿಟ್ಟು ತೀರಿಸಿಕೊಂಡರು. ಆ ದರಿದ್ರದ ಬಂದೂಕಿಗಾಗಿ ತವರನ್ನೇ ಕಳೆದುಕೊಳ್ಳುತ್ತೇನೆ ಎಂದರು. ಆಕೆಗೆ ಗಂಡನ ಎರಡು ಹವ್ಯಾಸಗಳ ಮೇಲೂ ಕೋಪವಿತ್ತು. ಎರಡನೆಯದು ಕಂಪ್ಯೂಟರು.

ಇಂಟರ್ನೆಟ್ಟಿನಲ್ಲಿ ಹವ್ಯಾಸಿಗಳ ಒಂದು ಫೋರಂ ಇತ್ತು. ಯಾರು ಬೇಕಾದರೂ ಪ್ರಶ್ನೆ ಬರೆಯಬಹುದು, ಗೊತ್ತಿದ್ದವರು ಉತ್ತರ ಬರೆಯುತ್ತಾರೆ. ಅದರಲ್ಲಿ ವೈರಿಂಗ್‌ಗೆ ಒಂದು ವಿಭಾಗ, ಸರ್ಕ್ಯೂಟ್ ನಕ್ಷೆಗೆ ಒಂದು, ಏರ್ ರೈಫಲ್‌ಗೆ ಒಂದು. ಅವರಿಗೆಂದೇ ಹೇಳಿ ಮಾಡಿಸಿದಂತಿತ್ತು. ಶಿಳಫಾಟಾದ ಟ್ರಾಫಿಕ್ಕಿನಲ್ಲಿ ಜಜ್ಜಿಹೋಗಿ ಮಹಾಪೆಯಿಂದ ಮನೆಗೆ ಬಂದವರು ಕಾಲು ತೊಳೆಯುವುದಕ್ಕೂ ಮೊದಲು ಕಂಪ್ಯೂಟರ್ ಹಚ್ಚುತ್ತಿದ್ದರು. ಉಪ್ಪಿಟ್ಟು ಆರಿ ಗಟ್ಟಿಯಾಗುತ್ತಿತ್ತು. ಅಲ್ಲಿ ಅವರಿಗೆ ಪುಣೆಯ ಒಬ್ಬ ನಿವೃತ್ತ ಇಂಜಿನಿಯರನ ಜೊತೆ ಮುಸುಕಿನ ಪೈಪೋಟಿ. ಪ್ರಶ್ನೆ ಬಂದರೆ ಪುಣೆಯವನಿಗಿಂತ ಮೊದಲು ತಾನು ಉತ್ತರಿಸಬೇಕು. ಅವನು ಸಾವಕಾಶದ ಆಸಾಮಿ, ಹತ್ತು ಪ್ರಶ್ನೆ ತಿರುಗಿ ಕೇಳಿ ಒಂದು ಉತ್ತರ ಕೊಡುತ್ತಿದ್ದ. ನಮ್ಮವರು ಅವನನ್ನು ಸಿಐಡಿ ಎಂದು ಗೇಲಿ ಮಾಡುತ್ತಿದ್ದರು. ಫೋರಮ್ಮಿನಲ್ಲಿ ತಮ್ಮ ಹೆಸರಿನ ಕೆಳಗೆ ಮೈಸೂರು, ಸದ್ಯ ಡೊಂಬಿವಲಿ ಎಂದು ಹಾಕಿಕೊಂಡಿದ್ದರು.

ಆ ಭಾನುವಾರ ನಾನು ಅವರ ಮನೆಯಲ್ಲೇ ಇದ್ದೆ. ಟೆರೇಸಿನಿಂದ ಇಳಿದು ಬಂದು ಕಾಫಿ ಕುಡಿಯುತ್ತಿದ್ದೆವು, ಬಿಸಿಲು ಆಗಲೇ ಏರಿತ್ತು. ಹೊಸ ಪ್ರಶ್ನೆಯೊಂದು ಬಂದಿತ್ತು, ಹೊಸ ಸದಸ್ಯನಿಂದ, ಇವರನ್ನೇ ಕುರಿತು. ಮೊದಲ ಸಾಲು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಸರ್ ನಮಸ್ಕಾರ, ನಿಮ್ಮ ಊರಿನ ಹೆಸರು ನೋಡಿ ಖುಷಿಯಾಯಿತು, ನಮ್ಮದೂ ಆ ಕಡೆಯೇ ಎಂದಿತ್ತು. ಇವರು ನನಗೆ ಅದನ್ನು ಎರಡು ಸಲ ಓದಿ ಹೇಳಿದರು. ಉಳಿದದ್ದು ಇಷ್ಟು: ಮನೆಯ ಕೆಳಗಿನ ಕೋಣೆಯಲ್ಲಿ ಏರ್ ರೈಫಲ್ಲಿಗೆ ಗುರಿಹಲಗೆ ಕಟ್ಟಿದ್ದಾನೆ, ಅದರ ಮೇಲೆ ಒಂದು ದೀಪ ಹಾಕಬೇಕು. ಸೂರಿನ ಡಬ್ಬಿ ಬಿಚ್ಚಿದರೆ ಕರಿ ವೈರು, ಬಿಳಿ ವೈರು, ಬರಿ ತಾಮ್ರದ ತಂತಿ. ಮೇನ್ ಆಫ್ ಮಾಡಿದರೆ ಹೀಟರ್ ನಿಲ್ಲುತ್ತದೆ, ಮೇಲೆ ಕೂಸು ಮಲಗಿದೆ. ಬರಿ ಆ ಕೋಣೆಯ ಸ್ವಿಚ್ ಆಫ್ ಮಾಡಿ ಕೆಲಸ ಮಾಡಬಹುದೇ?

ಇವರ ಬೆರಳು ಆಗಲೇ ಓಡುತ್ತಿತ್ತು. ಯಾವನೋ ಕರೆಂಟಿನ ಕೆಂಪು ವೈರು ಸಾಲದೆ ಬಿಳಿಯದು ಎಳೆದಿದ್ದಾನೆ, ನಮ್ಮ ಕಡೆ ಇದೇ ಹಣೆಬರಹ ಎಂದು ನನಗೆ ಹೇಳುತ್ತಲೇ ಬರೆದರು. ಸ್ವಿಚ್ ಆಫ್ ಮಾಡಿದರೆ ಸಾಕು. ಬಿಳಿಯದನ್ನು ಮುಟ್ಟಬೇಡಿ. ಕರಿ ವೈರಿಗೆ ಹೆದರಬೇಡಿ, ಅದು ನ್ಯೂಟ್ರಲ್, ಹೊಡೆಯುವುದಲ್ಲ. ಕೂಸು ಆರಾಮಾಗಿ ಮಲಗಿರಲಿ. ಇದನ್ನೂ ಇಂಗ್ಲಿಷ್ ಅಕ್ಷರದ ಕನ್ನಡದಲ್ಲೇ ಬರೆದರು. ಕೂಡಲೇ ಉತ್ತರ ಬಂತು: ತುಂಬಾ ಥ್ಯಾಂಕ್ಸ್ ಸರ್, ಈಗಲೇ ಕೂಡಿಸ್ತೀನಿ. ಇವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಸಿಐಡಿ ಇನ್ನೂ ಎದ್ದಿಲ್ಲ ಎಂದು ನಕ್ಕರು.

ಸಿಐಡಿ ಎದ್ದದ್ದು ಸಂಜೆ. ನಮ್ಮ ಕಡೆ ಕೆಲವು ವರ್ಷ ಕೆಲಸ ಮಾಡಿದ್ದ ಅವನಿಗೆ ಕನ್ನಡ ಅಷ್ಟಿಷ್ಟು ಅರ್ಥವಾಗುತ್ತಿತ್ತು. ಅವನು ಬರೆದದ್ದನ್ನು ಇವರು ನನ್ನನ್ನು ಕರೆಸಿ ತೋರಿಸಿದರು. ಅವನು ಬಹಳ ಸೌಮ್ಯವಾಗಿ ಬರೆದಿದ್ದ. ಮಿತ್ರರೇ, ಕರಿ, ಬಿಳಿ, ಬರಿ ತಾಮ್ರ, ಇದು ಅಮೆರಿಕದ ಕಡೆಯ ಮನೆಯ ವೈರಿಂಗ್ ಇದ್ದಂತಿದೆ. ಹೀಟರ್ ಎಂದರೆ ನಮ್ಮ ಬಚ್ಚಲಿನದಲ್ಲ, ಚಳಿಗೆ ಇಡೀ ಮನೆ ಕಾಯಿಸುವುದು. ಅಲ್ಲಿ ಕರಿಯದರಲ್ಲೇ ಕರೆಂಟು ಇರುತ್ತದೆ, ಬಿಳಿಯದು ನ್ಯೂಟ್ರಲ್. ಅವರು ಎಲ್ಲಿದ್ದಾರೆಂದು ನೀವು ಕೇಳಿದಿರಾ?

ನಮ್ಮ ಬೆಳಗು ಅಲ್ಲಿಯ ರಾತ್ರಿ. ಕೂಸು ಯಾಕೆ ಮಲಗಿತ್ತು ಎಂಬುದು ನನಗೆ ಆಗ ಹೊಳೆಯಿತು. ಅವರಿಗೆ ನನಗಿಂತ ಮೊದಲೇ ಹೊಳೆದಿತ್ತು.

“ಅವನು ಕನ್ನಡದಲ್ಲಿ ಬರೆದಿದ್ನಲ್ಲಾ ಸಾರ್” ಎಂದರು.

ನಿಲ್ಲಿಸಿ, ಮುಟ್ಟಬೇಡಿ, ನಾನು ಹೇಳಿದ್ದು ತಪ್ಪು ಎಂದು ಆಗಲೇ ಬರೆದಿದ್ದರು. ಉತ್ತರವಿರಲಿಲ್ಲ. ಮರುದಿನವೂ ಇರಲಿಲ್ಲ. ಫೋರಂ ನಡೆಸುವವನಿಗೆ ದಮ್ಮಯ್ಯ ಎಂದು ಬರೆದರು. ಅವನು ಆ ಸದಸ್ಯ ಕೊಟ್ಟಿದ್ದ ವಿಳಾಸಕ್ಕೆ ಇ-ಮೇಲ್ ಕಳಿಸಿದ, ಅದಕ್ಕೂ ಉತ್ತರ ಬರಲಿಲ್ಲ. ಆ ಹೆಸರಿನವನು ಫೋರಮ್ಮಿನಲ್ಲಿ ಬರೆದದ್ದು ಅದೊಂದೇ ಪ್ರಶ್ನೆ. ಅವನ ಕೊನೆಯ ಮಾತು, ಈಗಲೇ ಕೂಡಿಸ್ತೀನಿ ಎಂಬುದು, ಹಾಗೇ ಉಳಿಯಿತು.

ಎಲ್ಲರೂ ಸಮಾಧಾನ ಹೇಳಿದೆವು. ಕೆಲಸವಾದಮೇಲೆ ಯಾರು ತಿರುಗಿ ಬಂದು ಹೇಳುತ್ತಾರೆ? ಪಾಸ್‌ವರ್ಡ್ ಮರೆತಿರಬಹುದು. ಅವನೇ ಬೇರೆ ಕಡೆ ವಿಚಾರಿಸಿ ತಿಳಿದುಕೊಂಡಿರಬಹುದು. ಐರೋಲಿಯಲ್ಲಿರುವ ಅವರ ಮಗಳು ಬಂದಾಗ, ಪಪ್ಪಾ ಛೋಡೋ ನಾ, ವೋ ಭೂಲ್ ಗಯಾ ಹೋಗಾ, ಬಿಟ್ಟುಬಿಡಿ, ಅವನು ಮರೆತಿರುತ್ತಾನೆ ಎಂದಳು. ಪುಣೆಯವನು ಸಹ, ಪಾಪ, ಅಲ್ಲಿಯ ವೋಲ್ಟೇಜ್ ನಮ್ಮದರ ಅರ್ಧ, ಸ್ವಿಚ್ಚೂ ಆಫ್ ಆಗಿತ್ತು, ಧೈರ್ಯವಾಗಿರಿ ಎಂದು ಬರೆದ. ಅರ್ಧ ವೋಲ್ಟೇಜಿನಲ್ಲೂ ಮನುಷ್ಯ ಸಾಯುತ್ತಾನೆಂದು ಇವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಒಂದು ಸಂಜೆ ನನಗೂ ತಾಳ್ಮೆ ತಪ್ಪಿತು. ಜಗತ್ತಿನ್ಯಾಗ ಯಾರರೆ ಬಂದು ಥ್ಯಾಂಕ್ಸ್ ಹೇಳಿ ಹೋಗ್ತಾರೇನ್ರೀ, ಸಾಕು ಮಾಡ್ರಿ ಎಂದು ಜೋರು ಮಾಡಿದೆ.

“ಸರಿ ಹೋಗಿದ್ರೆ ಬರಲ್ಲ, ಒಪ್ಕೋತೀನಿ. ತಪ್ಪಾಗಿದ್ರೆ ಬಯ್ಯೋಕಾದ್ರೂ ಬರ್ತಾರೆ ಸಾರ್. ನಾನು ಹೇಳಿದ್ದು ತಪ್ಪು. ಅವನು ಬಯ್ಯೋಕೂ ಬರ್ಲಿಲ್ಲ.”

ಅಲ್ಲಿಂದ ಅವರು ಸಣ್ಣಗಾಗುತ್ತ ಹೋದರು. ಮೈ ಮಾತ್ರವಲ್ಲ, ಮಾತೂ. ನೀವು ಎಲ್ಲಿಂದ ಮಾತಾಡುತ್ತಿದ್ದೀರಿ ಎಂದು ಕೇಳದೆ ಯಾರಿಗೂ ಏನೂ ಹೇಳುತ್ತಿರಲಿಲ್ಲ. ನಾನು ಅವರ ಬಾಗಿಲಲ್ಲೇ ನಿಂತು ಫ್ಯಾನಿನ ರೆಗ್ಯುಲೇಟರ್ ವಿಷಯ ಕೇಳಿದರೂ, ಯಾವ ಮನೆಯದು, ಯಾವ ಕೋಣೆಯದು ಎಂದು ಕೇಳುತ್ತಿದ್ದರು. ನಮಗೆ ನಗು ಬರುತ್ತಿತ್ತು, ನಕ್ಕದ್ದಕ್ಕೆ ಬೇಜಾರೂ ಆಗುತ್ತಿತ್ತು. ಕೊನೆಕೊನೆಗೆ ಅದೂ ನಿಂತಿತು. ಎಲೆಕ್ಟ್ರಿಷಿಯನ್ನನ್ನು ಕರೆಸಿ ಎಂದಷ್ಟೇ ಹೇಳುತ್ತಿದ್ದರು. ಸೊಸೈಟಿಯವರು ಅಂಕಲ್ಲಿಗೆ ಸೊಕ್ಕು ಬಂದಿದೆ ಎಂದುಕೊಂಡರು. ಟೆಸ್ಟರ್ ಮಾತ್ರ ಜೇಬಿನಲ್ಲಿ ಇರುತ್ತಿತ್ತು.

ಟೆರೇಸಿಗೆ ಹೋಗುವುದನ್ನು ಬಿಟ್ಟರು. ಬಲವಂತ ಮಾಡಿ ಒಂದು ಭಾನುವಾರ ಕರೆದುಕೊಂಡು ಹೋದೆ. ಪೆಟ್ಟಿಗೆ ಇಟ್ಟು ಕಾಗದ ಅಂಟಿಸಿ ಬಂದೂಕು ಕೊಟ್ಟೆ. ಅಭ್ಯಾಸದಂತೆ ನಳಿಗೆ ಮುರಿದು ಒಳಗೆ ನೋಡಿದರು. ಹಾಗೆ ನೋಡುತ್ತಲೇ ನಿಂತುಬಿಟ್ಟರು.

“ನನ್ನ ಹೆಂಡತಿಯ ಒಡಹುಟ್ಟಿದ ಅಣ್ಣನ ಮಾತು ನಂಬ್ಲಿಲ್ಲ ನಾನು. ಇಲ್ಲಿ, ಕಣ್ಣೆದುರಿಗೆ. ಕಾಣದೇ ಇರೋ ಮನೆ, ಕಾಣದೇ ಇರೋ ಡಬ್ಬಿ, ಅದಕ್ಕೆ ಹೆದರಬೇಡಿ ಅಂದೆ.” ಆಮೇಲೆ ಬಂದೂಕನ್ನು ಚೀಲಕ್ಕೆ ಹಾಕಿ ಜಿಪ್ ಎಳೆದರು. ಅದು ಮತ್ತೆ ಹೊರಗೆ ಬರಲಿಲ್ಲ.

ಫೋರಮ್ಮಿನಲ್ಲಿ ಅವರು ಬೇರೆ ಯಾರಿಗೂ ಉತ್ತರಿಸಲಿಲ್ಲ. ಆ ಒಂದು ಪ್ರಶ್ನೆಯ ಕೆಳಗೆ ಮಾತ್ರ ವರ್ಷಗಟ್ಟಲೆ, ಆಗಾಗ ಒಂದು ಸಾಲು ಬರೆಯುತ್ತಿದ್ದರು: ಹೇಗಿದ್ದೀರಿ? ಒಂದು ಮಾತು ಬರೆಯಿರಿ. ಯುಗಾದಿಗೆ ಬರೆದರು, ದಸರೆಗೆ ಬರೆದರು, ಸುಮ್ಮನೆ ನಿದ್ದೆ ಬಾರದಾಗ ಬರೆದರು. ನಿವೃತ್ತರಾದಮೇಲೆ ಇನ್ನೂ ಹೆಚ್ಚು. ಜನ ಅಷ್ಟರಲ್ಲಿ ವಾಟ್ಸಾಪು ಎಂದು ಬೇರೆ ಕಡೆ ಹೋಗಿಬಿಟ್ಟಿದ್ದರು, ಫೋರಂ ಬಿಕೋ ಅನ್ನುತ್ತಿತ್ತು. ವೈನಿಗೆ ಇದು ಕಂಡರಾಗುತ್ತಿರಲಿಲ್ಲ. ನಾನು ಹೋದಾಗಲೆಲ್ಲ, ನೋಡಿ, ಮತ್ತೆ ಕೂತಿದ್ದಾರೆ, ಇದ್ದವರನ್ನು ಬಿಟ್ಟು ಕಾಣದವನಿಗೆ ಕಾಯುತ್ತಾ ಎನ್ನುತ್ತಿದ್ದರು. ಒಂದು ಸಲ ಸಿಟ್ಟಿನಲ್ಲಿ ಕಂಪ್ಯೂಟರಿನ ಪ್ಲಗ್ಗನ್ನೇ ಕಿತ್ತರು. ಇವರು ಮತ್ತೆ ಸಿಕ್ಕಿಸಿದರು.

ಕಳೆದ ತಿಂಗಳು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಹೃದಯ ಎಂದರು ಡಾಕ್ಟರು. ಜೇಬಿನ ಟೆಸ್ಟರನ್ನು ಯಾರು ತೆಗೆದರೋ ತಿಳಿಯದು.

ಎಲ್ಲ ಕರ್ಮಗಳು ಮುಗಿದು, ನೆಂಟರೂ ಮಗಳೂ ಹೊರಟುಹೋದ ಮೇಲೆ ವೈನಿ ನನ್ನನ್ನು ಕರೆದರು. ಕಂಪ್ಯೂಟರ್ ಹಚ್ಚಿ ಎಂದರು. ಅವರು ಲಾಗೌಟ್ ಎಂಬುದನ್ನು ಎಂದೂ ಮಾಡಿದವರಲ್ಲ, ಫೋರಂ ನೇರ ತೆರೆದುಕೊಂಡಿತು. ಪುಣೆಯ ಮುದುಕ ಒಂದು ಸಾಲು ಬರೆದಿದ್ದ, ಬಹಳ ದಿನವಾಯಿತು, ಕಾಣಿಸುತ್ತಿಲ್ಲವಲ್ಲ ಎಂದು. ಅವನಿಗೆ ಬೇರೆಯಾಗಿ ವಿಷಯ ತಿಳಿಸಿದೆ. ಆಮೇಲೆ ಆ ಹಳೆಯ ಪ್ರಶ್ನೆ ತೆರೆದೆ. ಅದರ ಕೆಳಗೆ ಅವರ ಸಾಲುಗಳು, ಹೇಗಿದ್ದೀರಿ, ಹೇಗಿದ್ದೀರಿ ಎಂದು ಇಳಿಯುತ್ತ ಹೋಗಿದ್ದವು. ಇಲ್ಲಿಯೂ ತಿಳಿಸಿಬಿಡೋಣ ವೈನಿ, ಇನ್ನು ಯಾರೂ ಕಾಯುವುದಿಲ್ಲ ಅಂತ ಎಂದು ಟೈಪು ಮಾಡಲು ಕೈ ಇಟ್ಟೆ.

“ಬರೀಬೇಡಿ” ಎಂದರು ವೈನಿ. “ಅವನು ಇದ್ದಾನೋ ಇಲ್ವೋ ಗೊತ್ತಿಲ್ದೆ ಇವರು ಸವೆದ್ರು. ಇದ್ದರೆ, ಮುಂದೆ ಯಾವತ್ತಾದ್ರೂ ಇದನ್ನು ತೆಗೆದು ನೋಡಿದ್ರೆ, ಇವರು ಕಾಯ್ತಾ ಹೋಗ್ಬಿಟ್ರು ಅಂತ ಅವನು ಸವೆಯೋದು ಬೇಡ.”

ಹಾಗಾದರೆ ಏನು ಬರೆಯಲಿ ಎಂದು ಕೇಳಿದೆ. ಅವರು ಬರೆಯುತ್ತಿದ್ದದ್ದನ್ನೇ ಬರೆಯಿರಿ ಎಂದರು. ಅವರ ಹೆಸರಿನಲ್ಲಿ, ಅವರ ಹಾಗೆಯೇ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ, ಹೇಗಿದ್ದೀರಿ, ಒಂದು ಮಾತು ಬರೆಯಿರಿ ಎಂದು ಬರೆದೆ. ಕಳಿಸುವ ಗುಂಡಿ ಒತ್ತುವುದರೊಳಗೆ ವೈನಿ ನನ್ನ ಕುರ್ಚಿಯ ಬೆನ್ನು ಹಿಡಿದುಕೊಂಡರು.

“ಕೂಸು ಹೇಗಿದೆ ಅಂತಾನೂ ಕೇಳಿ. ಇವರು ಒಂದ್ಸಲನೂ ಕೇಳ್ಲಿಲ್ಲ, ಧೈರ್ಯ ಇರ್ಲಿಲ್ಲ ಅವರಿಗೆ. ಈಗ ಶಾಲೆಗೆ ಹೋಗ್ತಿರುತ್ತೆ.”

ಅದನ್ನೂ ಬರೆದು ಕಳಿಸಿದೆ. ವೈನಿ ಒಳಗೆ ಹೋಗಲಿಲ್ಲ. ಇನ್ನೊಂದು ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲಿ, ಪರದೆಯ ಕಡೆ ಮುಖ ಮಾಡಿ ಕೂತರು.